ಡಬ್ಬಿಯಲ್ಲಿ ಅರಳಿದ ಹೂಗಳು

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದ ನನ್ನ ಹೆಂಡತಿ ನಿವೃತ್ತಳಾಗುವ ದಿನ ಮನೆಯಲ್ಲೊಂದು ಪಾರ್ಟಿ. ಗೋಡೆಗೆ ಹಾಕುವ ಉಲ್ಲನ್ ಹೂಗಳ ಮಾಲೆಯನ್ನು ಖುದ್ದು ನಾನೇ ಹೆಣೆಯುವುದೆಂದು ಘೋಷಿಸಿಬಿಟ್ಟೆ!

"ನಿಮಗೆ ಕಿತ್ತುಹೋದ ಗುಂಡಿ ಹಾಕೋಕೇ ಬರಲ್ಲ," ಎಂದಳು.

"ಕ್ರೋಶಾ ಏನು ಬ್ರಹ್ಮವಿದ್ಯೆನಾ? ಒಂದು ಕೊಕ್ಕೆ, ಒಂದು ದಾರ! ನೀನು ಮಾತ್ರ ಕೈ ಹಚ್ಚಕೂಡದು!"

ಮಾತಿನಲ್ಲಿ ಜಂಬವಿತ್ತು, ನಿಜ. ಆಸೆಯೂ ಇತ್ತು. ಅವಳು ಡ್ಯೂಟಿ ಮುಗಿಸಿ ಬಂದವಳೇ ನಿಂತ ಕಾಲಲ್ಲಿ ಅಡುಗೆಗೆ ತೊಡಗುವುದನ್ನು ಇಷ್ಟು ವರ್ಷ ಪೇಪರಿನ ಮರೆಯಿಂದ ನೋಡಿದವನು ನಾನು. ಅವಳದೇ ಪಾರ್ಟಿಗೆ ಒಂದು ಕೆಲಸವಾದರೂ ಅವಳ ಪಾಲಿಗೆ ಬರಬಾರದು ಅಂತಿತ್ತು.

ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಶುರುಮಾಡಿದೆ. ಮೊದಲ ಹೂವು ಪಾತ್ರೆ ತಿಕ್ಕುವ ನಾರಿನ ಹಾಗಿತ್ತು. ನಾಚಿಕೆಯಾಗಿ ಅದನ್ನು ಬಿಸ್ಕತ್ತಿನ ಡಬ್ಬಿಗೆ ತುರುಕಿ ಸಂಜೆಯ ವಾಕಿಂಗ್ ಹೊರಟೆ. ಮರುದಿನ ಮುಚ್ಚಳ ತೆಗೆದರೆ, ಆಹಾ! ಐದೂ ದಳ ಅರಳಿಸಿಕೊಂಡು ಕೂತಿದೆ! ದಿನವೂ ಇದೇ ಪವಾಡ. ಹೆಣೆದ ದಾರಕ್ಕೆ ಒಂದು ರಾತ್ರಿ ವಿಶ್ರಾಂತಿ ಕೊಟ್ಟರೆ ತಾನೇ ಸರಿಹೋಗುತ್ತದೆ ಎಂಬ ಮಹಾನ್ ಸಿದ್ಧಾಂತವನ್ನು ಹೆಂಡತಿಯ ಮುಂದಿಟ್ಟೆ.

"ಇರಬಹುದು," ಎಂದು ಅವಳು ಸೊಪ್ಪು ಹೆಚ್ಚುತ್ತಲೇ ಇದ್ದಳು.

ಪಾರ್ಟಿಯ ದಿನ ಮಾಲೆಗೆ ಹೊಗಳಿಕೆಯೋ ಹೊಗಳಿಕೆ! ನಾನು ಆರು ಜನ ನರ್ಸುಗಳನ್ನು ಕೂರಿಸಿಕೊಂಡು ಸಿದ್ಧಾಂತ ವಿವರಿಸತೊಡಗಿದೆ. ಅಷ್ಟರಲ್ಲಿ ನಾದಿನಿ ಕೊಕ್ಕೆ, ದಾರ ತಂದು ಕೈಗಿತ್ತಳು.

"ಭಾವ, ನಮ್ಮೆದುರಿಗೇ ಒಂದು ಹೂವು ಹಾಕಿ ನೋಡೋಣ."

ಹತ್ತು ನಿಮಿಷ ಬೆವರು ಸುರಿಸಿದೆ. ಕೈಯಲ್ಲಿ ಉಳಿದದ್ದು ಒಂದು ಗೋಜಲು.

"ಡಬ್ಬಿ ತರ್ಲಾ ಭಾವ? ಆದ್ರೆ ನೀವು ವಾಕಿಂಗ್ ಹೋಗ್ದೆ ಅಕ್ಕ ಹೇಗೆ ಬಿಚ್ಚಿ ಮತ್ತೆ ಹೆಣೀತಾಳೆ?"

ಮನೆಯೇ ಹಾರಿಹೋಗುವ ಹಾಗೆ ನಗು! ನಾನೂ ನಕ್ಕೆ, ನಗುತ್ತಲೇ ವಿಷಯ ಹೊಳೆಯಿತು. ದಿನವೂ ಡ್ಯೂಟಿಯಿಂದ ಬಂದು, ಅಡುಗೆಯ ನಡುವೆ, ತನ್ನ ಪಾರ್ಟಿಯ ಮಾಲೆಯನ್ನೂ ಅವಳೇ ಹೆಣೆದಿದ್ದಳು. ಕೆಲಸ ಉಳಿಸಲು ಹೋಗಿ ಇನ್ನೊಂದು ಕೆಲಸ ಹಚ್ಚಿದ್ದೆ.

ಎಲ್ಲರೂ ಹೋದ ಮೇಲೆ ಕೇಳಿದೆ, "ಒಂದು ಮಾತು ಹೇಳಬಾರದಿತ್ತಾ?"

"ಮುಚ್ಚಳ ತೆಗೆದಾಗ ನಿಮ್ಮ ಮುಖ ನೋಡಬೇಕಿತ್ತು ರೀ. ಹೇಗೆ ಹೇಳಲಿ?"

ಮಾಲೆಯತ್ತ ತಿರುಗಿದೆ. ಬಾಗಿಲ ಪಕ್ಕದ ತುದಿಯಲ್ಲಿ, ಗಡಿಬಿಡಿಯಲ್ಲಿ ನನ್ನ ಕಣ್ಣಿಗೆ ಬೀಳದಿದ್ದ, ಮುದುಡಿ ಮುದ್ದೆಯಾದ ಒಂದು ಹೂವು. ಸಂಶಯವೇ ಇಲ್ಲ, ನನ್ನದು! ಎದೆಯುಬ್ಬಿತು.

"ಇದೊಂದನ್ನ ನನ್ನ ನೆನಪಿಗೆ ಅಂತ ಹಾಗೇ ಬಿಟ್ಟೆಯಾ?"

ಅವಳು ಕನ್ನಡಕ ಏರಿಸಿ, ರೋಗಿಯನ್ನು ನೋಡುವ ಹಾಗೆ ಅದನ್ನು ನೋಡಿದಳು.

"ಅಯ್ಯೋ ಇಲ್ಲ ರೀ. ಎಷ್ಟು ಹೆಣಗಿದ್ರೂ ಅದನ್ನ ಬಿಚ್ಚೋಕೇ ಆಗ್ಲಿಲ್ಲ!"