ವಕೀಲರ ಗಾಡಿಗೆ ಕೊಟ್ಟ ಮಾತು

ಹಾನಗಲ್ಲಿನ ನರಸಿಂಹಾಚಾರ್ ವಕೀಲರ ಕರೇ ಕಾರಿನಂಥ ಕಾರು ಭೂಮಂಡಲದ ಮೇಲೆ ಇನ್ನೊಂದಿರಲಿಲ್ಲ. ತಡಸದ ಹತ್ತಿರ ಅದು ಹುಬ್ಬಳ್ಳಿ ಬಸ್ಸನ್ನು ಹಿಂದೆ ಹಾಕಿದ್ದನ್ನು ನೋಡಿ, ಬಸ್ಸಿನ ಡ್ರೈವರ್ ನಾಚಿ ಕೆಲಸ ಬಿಟ್ಟು ಸನ್ಯಾಸಿಯಾದ. ಇದರಲ್ಲಿ ಅರ್ಧ ಸುಳ್ಳು, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಡ್ರೈವರ್ ಸನ್ಯಾಸಿಯಾಗಲಿಲ್ಲ, ಬಸ್ಸು ಚಹಾಕ್ಕೆ ನಿಂತಿತ್ತು. ಆದರೆ ಕಾರು ಹಿಂದೆ ಹಾಕಿದ್ದು ಮಾತ್ರ ದೇವರಾಣೆ ಖರೆ.

ಅಂಥ ಕಾರು ಯಜಮಾನನ ಜೀವ ಹೋಗುವ ಹೊತ್ತಿಗೆ ಕೈಕೊಟ್ಟಿತು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಮಾತು. ವಕೀಲರು ಶಿಗ್ಗಾಂವಿಯ ಕೋರ್ಟಿನಿಂದ ಬಂದು ಕಾರು ನಿಲ್ಲಿಸಿ ಒಳಗೆ ಕಾಲಿಟ್ಟರೋ ಇಲ್ಲವೋ, ಎದೆ ಹಿಡಿದುಕೊಂಡು ಕುಸಿದರು. ಮಗ ಜಯತೀರ್ಥ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ, ಅಪ್ಪನನ್ನು ಎತ್ತಿ ತಂದು ಮುಂದಿನ ಸೀಟಿಗೆ ಒರಗಿಸಿ ಸ್ಟಾರ್ಟರ್ ಎಳೆದ. ಕಾರು ಹೆರಿಗೆ ನೋವಿನ ಎಮ್ಮೆಯ ಹಾಗೆ ನರಳಿತು, ಹತ್ತಲಿಲ್ಲ. ಇನ್ನೊಮ್ಮೆ ಎಳೆದ. ಇಲ್ಲ. ವಕೀಲರು ಬಾಯಿ ಬಿಡಲಾರದೆ, ಮುಂದೆ ಇಟ್ಟಿದ್ದ ಎಲೆ-ಅಡಿಕೆ ಡಬ್ಬಿಯ ಕಡೆ ಕೈ ಚಾಚಿದರು.

"ಈ ಹೊತ್ತಿನ್ಯಾಗೂ ಎಲಿ ಚಟ ಏನ್ರಿ ಅಪ್ಪಾ!" ಎಂದು ಜಯತೀರ್ಥ ಡಬ್ಬಿಯನ್ನು ಅತ್ತ ಸರಿಸಿದ.

ವಕೀಲರ ಅಕ್ಕ ಗಂಗಾಬಾಯಿ, ಮೂವತ್ತು ವರ್ಷ ಅದೇ ಕಾರಿನ ಹಿಂದಿನ ಸೀಟು ಸವೆಸಿದ ವಿಧವೆ, ಓಡಿ ಬಂದು ಕಿಟಕಿ ಹಿಡಿದು, "ಜಯಾ, ಒಂದ್ ಸ್ವಲ್ಪ..." ಎಂದಳು.

"ಅತ್ಯಾ, ಗಾಡಿ ವಿಷಯದಾಗ ಹೆಂಗಸ್ರು ಬಾಯಿ ಹಾಕಬ್ಯಾಡ್ರಿ!"

ಅತ್ತೆ ಬಾಯಿ ಮುಚ್ಚಿಕೊಂಡಳು. ಜಯತೀರ್ಥ ಟಾಂಗಾ ತರಲು ಓಡಿದ. ಟಾಂಗಾ ಬಂತು, ಆದರೆ ಆಸ್ಪತ್ರೆಯ ಗೇಟು ಕಾಣುವ ಮೊದಲೇ ವಕೀಲರು ಮುಗಿದಿದ್ದರು.

ಅಂದೇ ಜಯತೀರ್ಥ ನಿಶ್ಚಯಿಸಿದ: ಅಪ್ಪನನ್ನು ಕೊಂದ ಈ ಗಾಡಿ ಹತ್ತನೆಯ ದಿನದ ಸಂಜೆ ಮನೆಯ ಮುಂದೆ ಇರಬಾರದು. ಹೆಂಡತಿ ಸುಮನ್‌ಗೂ ಅದೇ ಬೇಕಾಗಿತ್ತು. ಸವಣೂರಿನ ಎಲೆ ವ್ಯಾಪಾರಿ ಕುತುಬುದ್ದೀನ ಎಲೆಯ ಪೆಂಡಿ ಹೇರಲು ಗಾಡಿ ಬೇಕೆಂದಿದ್ದ. ಹತ್ತನೆಯ ದಿನ ಸಂಜೆ ಬಂದು ಒಯ್ಯುವುದೆಂದು ಮಾತಾಯಿತು.

ಮಾತು ಓಣಿಯಲ್ಲಿ ಹರಡಿತು, ಸೂತಕದ ಮನೆಗಿಂತ ಹೆಚ್ಚು ಅಳು ಓಣಿಯಲ್ಲಿ ಕೇಳಿಸಿತು. ವಕೀಲರು ಇಡೀ ಓಣಿಯನ್ನು ಪುಕ್ಕಟೆ ಹೊತ್ತು ತಿರುಗಿದವರು. ಬಾಜೂಮನೆಯ ವಿಮಲಾಬಾಯಿ ಹಂಸಭಾವಿಯ ಮಗಳ ಮನೆಗೆ ಬಸ್ಸಿನಲ್ಲಿ ಹೋದದ್ದೇ ಇಲ್ಲ.

ಹತ್ತನೆಯ ದಿನ ಬೆಳಿಗ್ಗೆ ಕಾರು ಒಂದೇ ಎಳೆತಕ್ಕೆ ಹತ್ತಿತು, ಬೇಕೆಂದೇ ಅಣಕಿಸಿದ ಹಾಗೆ. ವರದಾ ನದಿಯ ದಂಡೆಯಲ್ಲಿ ಪಿಂಡ ಇಟ್ಟರೆ ಕಾಗೆ ಮುಟ್ಟಲಿಲ್ಲ.

"ಏನೋ ಮನಸ್ಸಿನ್ಯಾಗ ಉಳದದ. ಮಾತು ಕೊಡ್ರಿ," ಎಂದರು ಕ್ರಿಯೆ ಮಾಡಿಸುತ್ತಿದ್ದ ಆಚಾರ್ಯರು.

"ಅತ್ಯಾನ್ನ ಕಡೀತನಕ ನೋಡ್ಕೋತೇನಿ, ಅಪ್ಪಾ," ಎಂದ ಜಯತೀರ್ಥ. ಕಾಗೆ ಸರ್ರನೆ ಇಳಿದು ಬಂದು ಕೊಕ್ಕು ಹಾಕಿತು. ಎಲ್ಲರ ಕಣ್ಣೂ ಒದ್ದೆಯಾಯಿತು.

ಮರಳುವಾಗ ಹಿಂದಿನ ಸೀಟಿನಲ್ಲಿ ಗಂಗಾಬಾಯಿ, ವಿಮಲಾಬಾಯಿ. ಬಿಸಿಲು ನೆತ್ತಿ ಸೀಳುತ್ತಿತ್ತು. ದಾರಿಯಲ್ಲಿ ಕುರಿ ಮಂದೆ ಅಡ್ಡ ಬಂತು, ಜಯತೀರ್ಥ ನಿಲ್ಲಿಸಿದ, ಎಂಜಿನ್ ಕೆಮ್ಮಿ ಸತ್ತಿತು. ಎಳೆದ. ಇಲ್ಲ. ಕುರುಬರ ಮಾಳಪ್ಪ ಕುರಿ ಬಿಟ್ಟು ಬಂದು ಗಾಡಿ ನೂಕಿದ. ನೂಕಿದರೂ ಇಲ್ಲ.

"ದನೀನ ಹೊರಡವಲ್ದರೀ ಮಾಸ್ತರ, ಟಗರಿಗೆ ಸಿಟ್ಟು ಬಂದ್ರ ಹಿಂಗ ನಿಂದರತೈತಿ," ಎಂದ ಮಾಳಪ್ಪ.

"ದೃಷ್ಟಿ ಆಗೇದ್ರಿ," ಎಂದಳು ವಿಮಲಾಬಾಯಿ.

ಗಂಗಾಬಾಯಿ ಮಾತ್ರ ನಿಧಾನಕ್ಕೆ ಇಳಿದು ಸೆರಗು ಹೊದ್ದುಕೊಂಡಳು. "ಕಾಗಿ ಮುಟ್ಟಲಿಲ್ಲಂದ್ರ ಏನ್ ಮಾಡ್ತೀವಿ ಜಯಾ? ಮಾತು ಕೊಡ್ತೀವಿ. ಇದೂ ಅವನದ ಗಾಡಿ. ಮಾರ್ತೀಯಂತ ಸಿಟ್ಟಾಗ್ಯಾನ."

"ಅತ್ಯಾ, ನಾ ವಿಜ್ಞಾನ ಕಲಸಾಂವ!"

"ಹಂಗಾರ ವಿಜ್ಞಾನದ್ಲೇ ಹಚ್ಚು."

ವಿಜ್ಞಾನ ಬಾನೆಟ್ಟಿನೊಳಗೆ ತಲೆ ಹಾಕಿ ಕೈ ಸುಟ್ಟುಕೊಂಡು ಹೊರಬಂತು. ಸಂಜೆಗೆ ಮನೆಗೆ ಕುತುಬುದ್ದೀನ ಬರುವವನಿದ್ದ. ಕಡೆಗೆ ಜಯತೀರ್ಥ ಕಾರಿನ ಮುಂದೆ ಕೈ ಜೋಡಿಸಿದ.

"ಹಂಗಲ್ಲ. ಕಾಲು ತೊಳಕೋ. ದಕ್ಷಿಣಕ್ಕ ಮಾರಿ ಮಾಡು. ಗೋತ್ರ ಹೇಳು. ನಿಮ್ಮಜ್ಜನ ಹೆಸರು ಬಿಟ್ಟಿ, ಮತ್ತ ಮೊದಲಿಂದ ಹೇಳು," ಎಂದು ಅತ್ತೆ ಒಂದೊಂದಾಗಿ ಎಳೆದಳು. ಮಾಳಪ್ಪನ ಕುರಿಗಳೆಲ್ಲ ದಾಟಿ ಹೋಗಿ ಮರದ ನೆರಳಿಗೆ ಮಲಗಿದವು. ಆಮೇಲೆ ಜಯತೀರ್ಥ ಹಲ್ಲು ಕಚ್ಚಿ ಹೇಳಿದ: "ಅಪ್ಪಾ, ಗಾಡಿ ಮಾರೂದಿಲ್ಲ."

"ಈಗ ಎಳಿ," ಎಂದಳು ಗಂಗಾಬಾಯಿ.

ಎಳೆದ. ಹತ್ತಿತು! ಮಾಳಪ್ಪ ನೆಲಕ್ಕೆ ಬಿದ್ದು ಕಾರಿಗೆ ನಮಸ್ಕರಿಸಿದ.

ಊರು ಮುಟ್ಟಿ ವಿಮಲಾಬಾಯಿಯ ಬಾಗಿಲಿಗೆ ನಿಂತದ್ದೇ ಮತ್ತೆ ಸತ್ತಿತು. ಈ ಸಲ ಓಣಿಯೇ ನೆರೆಯಿತು. ಜಯತೀರ್ಥನ ಮುಖ ಉಪ್ಪು ಹಾಕಿದ ಬಸವನಹುಳದಂತಾಯಿತು.

"ಇನ್ನೂ ಮನಸ್ಸು ತಣದಿಲ್ಲ ಅವಂದು," ಎಂದಳು ಗಂಗಾಬಾಯಿ. "ದ್ವಾದಶಿಗೊಮ್ಮೆ ನನ್ನ ಸವಣೂರು ಮಠಕ್ಕ ಒಯ್ಯಾಂವ ಯಾರು?"

"ನನ್ನ ಹಂಸಭಾವಿಗೆ?" ಎಂದು ವಿಮಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮತ್ತೆ ಕಾಲು ತೊಳೆ, ಮತ್ತೆ ದಕ್ಷಿಣ, ಮತ್ತೆ ಗೋತ್ರ. ಎಲ್ಲರೆದುರು ಜಯತೀರ್ಥ ಅಪ್ಪನ ಹೆಸರಿನಲ್ಲಿ ಮಾತು ಕೊಟ್ಟ. ಅತ್ತೆ ಆಕಾಶ ನೋಡಿದಳು, ಕೆಮ್ಮಿದಳು, ಒಂದು ಸ್ತೋತ್ರವನ್ನು ಪೂರ್ತಿ ಮುಗಿಸಿದಳು. "ಈಗ ಎಳಿ." ಹತ್ತಿತು. ಓಣಿಯ ಹೆಣ್ಣುಮಕ್ಕಳು ಕಾರಿಗೆ ಕುಂಕುಮ ಹಚ್ಚಿದರು.

ಕಾರು ಮನೆಯ ಮುಂದೆ ಬಂದು ನಿಲ್ಲುವ ಹೊತ್ತಿಗೆ ಸಂಜೆಯಾಗಿತ್ತು, ಕುತುಬುದ್ದೀನ ಆಗಷ್ಟೇ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಕತೆಯೆಲ್ಲ ಕೇಳಿ ಬಾಯಿಗೆ ಕೈ ಅಡ್ಡ ಹಿಡಿದ.

"ಏನ್ರೀ ಮಾಸ್ತರ, ವಕೀಲ್ ಸಾಹೇಬ್ರು ನಿಮಗ ಹೇಳಿಲ್ಲೇನ್ರಿ? ಈ ಗಾಡಿ ಎಂಜಿನ್ ಕಾದು ನಿಂತ್ರ ಹತ್ತಂಗಿಲ್ಲ. ಒಂದು ಎಲಿ ಹಾಕ್ಕೊಂಡು, ಅದು ಬಾಯಾಗ ಕರಗೂತನಕ ಕುಂತ್ರ ತಣ್ಣಗಾಗಿ ತಾನ ಹತ್ತತೈತಿ. 'ಕುತುಬ್ಯಾ, ಎಲಿ ನನಗಲ್ಲೋ, ಗಾಡಿಗೆ' ಅಂತ ನನ್ನ ಕಡಿಂದ ಎಲಿ ಒಯ್ತಿದ್ರು."

ಜಯತೀರ್ಥ ಕುಣಿದಾಡಿದ. "ಹಂಗಾರ ನಾ ಕೊಟ್ಟ ಮಾತೆಲ್ಲಾ ಖೊಟ್ಟಿ! ಅಪ್ಪಾನೂ ಇಲ್ಲ, ಸಿಟ್ಟೂ ಇಲ್ಲ! ಒಯ್ರಿ, ಈಗ ಒಯ್ರಿ ಗಾಡಿ!"

ಕುತುಬುದ್ದೀನ ಚಪ್ಪಲಿ ಮೆಟ್ಟಿಕೊಂಡ. "ತೋಬಾ, ತೋಬಾ! ಗಾಡಿ ಗುಣ ಗೊತ್ತಿದ್ದ ತಗೋಳಾಕ ಬಂದಿದ್ನಿ. ಆದ್ರ ಸತ್ತವ್ರಿಗೆ ಕೊಟ್ಟ ಮಾತಿನ ಮ್ಯಾಲೆ ನಾ ಎಲಿ ಹೇರಂಗಿಲ್ರಿ ಮಾಸ್ತರ."

ಅವನು ಹೋದ. ಸುಮನ್ ಒಳಗೆ ಹೋಗಿ ಧಡ್ ಎಂದು ಬಾಗಿಲು ಹಾಕಿಕೊಂಡಳು. ಕಾರು ಹಣೆಗೆ ಕುಂಕುಮ ಹಚ್ಚಿಕೊಂಡು ಮನೆ ಮುಂದೆಯೇ ಉಳಿಯಿತು. ಜಯತೀರ್ಥನ ಕಣ್ಣು ಮಾತ್ರ ಕಾರಿನ ಗಾಜಿನೊಳಗಿಂದ ಕಾಣುತ್ತಿದ್ದ ಎಲೆ-ಅಡಿಕೆ ಡಬ್ಬಿಯ ಮೇಲೆ ನೆಟ್ಟಿತು. ಅಪ್ಪ ಚಾಚಿದ ಕೈ ನೆನಪಾಯಿತು. ಕಟ್ಟೆಯ ಮೇಲೆ ಕುಳಿತ.

"ಅತ್ಯಾ," ಎಂದ. "ಮೂವತ್ತು ವರ್ಷ ಹಿಂದ ಕೂತೀರಿ. ನಿಮಗ ಇದು ಗೊತ್ತಿತ್ತೇನ್ರಿ?"

ಗಂಗಾಬಾಯಿ ಮಠಕ್ಕೆ ಒಯ್ಯುವ ಗಂಟಿಗೆ ಮಡಿಸೀರೆ ಮಡಚಿ ಇಡುತ್ತಿದ್ದಳು. ತಲೆ ಎತ್ತಲಿಲ್ಲ.

"ಗಾಡಿ ವಿಷಯದಾಗ ಹೆಂಗಸ್ರು ಬಾಯಿ ಹಾಕಬಾರದಲ್ಲಪ್ಪಾ."

ಅಷ್ಟೆ. ಹಾಗಾದರೆ ಆ ಸಂಜೆ ಕಿಟಕಿ ಹಿಡಿದುಕೊಂಡು ಆಕೆ ಶುರುಮಾಡಿದ್ದ ಮಾತು, "ಜಯಾ, ಒಂದ್ ಸ್ವಲ್ಪ..." ಅಂತ ಅರ್ಧಕ್ಕೆ ನಿಂತದ್ದು, ಪೂರ್ತಿ ಏನಿತ್ತು? ಜಯತೀರ್ಥ ಅದನ್ನು ಬಾಯಿ ಬಿಟ್ಟು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ನೀವೇ ಹೇಳಿ ನೋಡೋಣ.