ಅಕ್ಕನ ರೊಟ್ಟಿ ತಿಂದವರು ಯಾರು?

ನಾಟಕದಲ್ಲಿ ಬರೆದದ್ದೊಂದು, ವೇದಿಕೆಯಲ್ಲಿ ಆಗುವುದು ಇನ್ನೊಂದು. ಸಿಡ್ನಿಯಲ್ಲಿ ಹತ್ತು ವರ್ಷದಿಂದ ಪರದೆ ಹಿಂದೆ ನಿಂತು ಮಾತು ಎತ್ತಿಕೊಡುವ ನನಗೆ ಇದು ಕನಸಿನಲ್ಲೂ ಬರುತ್ತದೆ.

ಸತ್ತವನ ಫೋನು

ನಮ್ಮ ನಿರ್ದೇಶಕಿ ಧಾರವಾಡದ ಅಕ್ಕ. ಟಿವಿ ಹೊಸದಾಗಿದ್ದ ಕಾಲದ ಒಂದು ಕಪ್ಪುಬಿಳುಪು ನಾಟಕಕ್ಕೆ ಮರುಳಾಗಿ ಕನ್ನಡಕ್ಕೆ ತಂದರು. ಯುದ್ಧದಲ್ಲಿ ಗಾಯಾಳು ಗೆಳೆಯನ ರೊಟ್ಟಿ ತಿಂದು ತಾನು ಬದುಕಿದ ಸೈನಿಕ. ವರ್ಷಗಳ ಮೇಲೆ ಸತ್ತ ಗೆಳೆಯನೇ ಮನಸ್ಸಾಕ್ಷಿಯಾಗಿ ಎದುರು ಬಂದು ಕೂರುತ್ತಾನೆ. ಬೂದು ಬೆಳಕು, ಮಂಜು, ನಿಧಾನದ ಮಾತು. ಸ್ಕೋಫೀಲ್ಡ್ಸ್ ಬಡಾವಣೆಯ ಒಂದು ಗ್ಯಾರೇಜಿನಲ್ಲಿ ರಿಹರ್ಸಲ್ ಅಂದರೆ ಅರೆನಿದ್ದೆಯಲ್ಲಿ ತೇಲಿದ ಹಾಗೆ. ಒಮ್ಮೆ ಸತ್ತ ಗೆಳೆಯನ ಫೋನು ಹೊಡೆದುಕೊಂಡಿತು.

"ಸತ್ತ ಮ್ಯಾಲೂ ಫೋನ್ ಏನೋ?" ಅಕ್ಕ ಸಿಡುಕಿದರು.

"ಆಫೀಸಿನ ಆನ್-ಕಾಲ್ ಡ್ಯೂಟೀಲಿ ಇದೀನಿ ಅಕ್ಕಾ. ಸಾಯೋದಾದ್ರೂ ಮ್ಯಾನೇಜರ್‌ಗೆ ಮೊದ್ಲೇ ಹೇಳಿರ್ಬೇಕು."

ಟೂಂಗಾಬಿಯ ಕರುಣೆ

ಟೂಂಗಾಬಿ ಬಡಾವಣೆಯ ಸಭಾಂಗಣದಲ್ಲಿ ಮೊದಲ ಪ್ರದರ್ಶನ. "ಮೂರು ದಿನದಿಂದ ಅನ್ನ ಕಂಡಿಲ್ಲ" ಎಂದು ಸೈನಿಕ ನರಳಿದ. ಮುಂದಿನ ಸಾಲಿನ ಆಂಟಿಯೊಬ್ಬರು ಎದ್ದರು. "ಪಾಪ, ಬೆಳಗ್ಗಿಂದ ಸ್ಟೇಜ್ ಕಟ್ತಿದ್ದ. ಅವ್ನಿಗೆ ಬಿಸಿಬೇಳೆಬಾತ್ ಕೊಡ್ರೋ!" ಕೊಟ್ಟೂ ಬಿಟ್ಟರು, ಅವನು ತಿಂದೂ ಬಿಟ್ಟ. ಸಭೆ ಬಿದ್ದು ಬಿದ್ದು ನಕ್ಕಿತು.

ಅಕ್ಕ ಮಾತ್ರ ಕಾರಿನಲ್ಲಿ ಕಣ್ಣೊರೆಸಿಕೊಂಡರು. "ಮುಂದಿನ ಶೋ ಮೆಲ್ಬರ್ನ್‌ನಾಗ. ಅಲ್ಲಿ ಒಬ್ಬರರೆ ಅಳಬೇಕು. ಇಲ್ಲಂದ್ರ ಇದ ನನ್ನ ಕಡೀ ನಾಟಕ."

ಪಕ್ಕದಲ್ಲಿದ್ದ ಸೈನಿಕ ಮೆಲ್ಲಗೆ ಕೇಳಿದ: "ಅಕ್ಕಾ, ಅಲ್ಲೂ ಊಟ ಕೊಡ್ತಾರಾ?"

ಮೆಲ್ಬರ್ನ್ ದಾರಿ

ಇಡೀ ದಿನ ವ್ಯಾನಿನಲ್ಲಿ. ಎರಡು ತಾಸಿಗೆ ಗೌಲ್ಬರ್ನ್ ಊರು ದಾಟಿದೆವು. ಹೊರಗೆ ಒಣಹುಲ್ಲು, ದೂರದ ನೀಲಿ ಗುಡ್ಡ, ಒಳಗೆ ತೂಕಡಿಕೆ. ಹಿಂದಿನ ಸೀಟಿನ ಬಟ್ಟೆಗಂಟಿನಲ್ಲಿ ಅಕ್ಕ ತಾವೇ ಬಡಿದ ಎರಡು ಜೋಳದ ರೊಟ್ಟಿ. ನಾಟಕಕ್ಕೆ ಬೇಕು, ಯಾರೂ ಮುಟ್ಟಕೂಡದೆಂದು ಅವರ ಅಪ್ಪಣೆ. ಎಲ್ಲರೂ ಮಲಗಿದ್ದಾಗ ನಾನೊಂದು ಚೂರು ಮುರಿದೆ. ಒಂದೇ ಚೂರು, ದೇವರಾಣೆ.

ಮೆಲ್ಬರ್ನ್ ವೇದಿಕೆ. ಕೊನೆಯ ದೃಶ್ಯದಲ್ಲಿ ಸೈನಿಕ ಆ ರೊಟ್ಟಿಯನ್ನು ಸತ್ತ ಗೆಳೆಯನಿಗೆ ಮರಳಿಸಬೇಕು. ಗೆಳೆಯ ಗಂಟು ಬಿಚ್ಚಿದ. ಬರೀ ಪುಡಿ! ಮಾತು ಮರೆತು ತನ್ನದೇ ಮಾತಾಡಿದ: "ರೊಟ್ಟಿ ತಿಂದವರು ಯಾರು?"

ಸರಿಯಾದ ಮಾತು ಎತ್ತಿಕೊಡಬೇಕಾದವನು ನಾನು. ಬಾಯಿಂದ ಬಂದದ್ದು, "ನಾನು!"

ಸೈನಿಕ ತಲೆ ತಗ್ಗಿಸಿದ. "ನಾನೂ."

ಪರದೆ ಎಳೆಯುವವನು ಇಣುಕಿದ. "ನಾನೂ ಒಂಚೂರು."

ಸತ್ತವನು ಮುಖ ಮುಚ್ಚಿಕೊಂಡ. "ನಾನೂ."

ಸಭೆಯಲ್ಲಿ ಬಿಕ್ಕುವ ಸದ್ದು, ಆಮೇಲೆ ಚಪ್ಪಾಳೆ. ಹಿರಿಯ ಅಂಕಲ್ ಒಬ್ಬರು ಮೂಗೊರೆಸಿಕೊಂಡರು: "ಯುದ್ಧದಲ್ಲಿ ಎಲ್ಲರೂ ತಪ್ಪಿತಸ್ಥರೇ. ಎಂಥ ಮಾತು ಹೇಳಿಸಿದ್ರಮ್ಮ!"

ನಾನು ಒಳಗೆ ಓಡಿ ಅಕ್ಕನ ಕಾಲಿಗೆ ಬಿದ್ದೆ. "ತಪ್ಪಾಯ್ತಕ್ಕಾ. ನಾವೆಲ್ಲ ಒಂದೊಂದೇ ಚೂರು ತಿಂದಿದ್ದು. ಉಳಿದದ್ದು ಎಲ್ಲಿ ಹೋಯ್ತೋ ಗೊತ್ತಿಲ್ಲ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಸುತ್ತ ನೋಡಿದರು.

"ಏಳೋ. ಗೌಲ್ಬರ್ನ್ ದಾಟೋದ್ರೊಳಗ ಒಂದು ಪೂರಾ ರೊಟ್ಟಿ ನಾನ ತಿಂದಿದ್ದೆ."