ಫ್ಲೆಕ್ಸ್ ವಾಪಸು ಕೇಳಿದ ನಾಯಕತ್ವದ ಮೇಷ್ಟ್ರಿಗೆ

ಮಾನ್ಯರೇ,

ಸೂಳಗಿರಿ ರಸ್ತೆಯ ಕಾರ್ಖಾನೆಯಿಂದ ಬಿಳಿ ವ್ಯಾನಿನಲ್ಲಿ ಬಂದು, ಒಂದೇ ಮಧ್ಯಾಹ್ನದಲ್ಲಿ ನಮ್ಮ ಶಾಲೆಯ ಕನ್ನಡ ಗೋಡೆ ಪತ್ರಿಕೆ ‘ಹುರಿಗಡಲೆ’ಯ ಐದೂ ಜನರನ್ನು ನಾಯಕರನ್ನಾಗಿ ಮಾಡಿ, ಮೇಲೆ ಒಂದೊಂದು ಪೊಟ್ಟಣ ಪುಳಿಯೋಗರೆಯನ್ನೂ ಕೊಟ್ಟು ಹೋದ ತರಬೇತುದಾರ ಶ್ರೀ ಪ್ರಮೋದ್ ಅವರ ಸನ್ನಿಧಿಗೆ, ಅದೇ ಪತ್ರಿಕೆಯ ಸಂಪಾದಕಿ ಶಶಿಕಲಾ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾವು ಕ್ಷೇಮವೋ ಅಲ್ಲವೋ ಅನ್ನುವುದು ಈ ಪತ್ರ ಓದಿದ ಮೇಲೆ ತಾವು ಏನು ತೀರ್ಮಾನ ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ತರಬೇತಿಯ ದಿನ ಕಟ್ಟಿದ್ದ ಫ್ಲೆಕ್ಸು ಮುಂದಿನ ಶಾಲೆಗೆ ಬೇಕು, ಶುಕ್ರವಾರ ವ್ಯಾನು ಬರುತ್ತದೆ, ಸುತ್ತಿ ಇಟ್ಟಿರಿ ಎಂದು ತಮ್ಮ ಆಫೀಸಿನವರು ಫೋನು ಮಾಡಿದ್ದರು. ಆಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಕೊಡುವುದಿಲ್ಲ ಅನ್ನಲು ನನಗೆ ಧೈರ್ಯವಿಲ್ಲ, ಕೊಡುವ ಸ್ಥಿತಿಯಲ್ಲಿ ಫ್ಲೆಕ್ಸು ಇಲ್ಲ. ತಮಗೊಬ್ಬರಿಗೇ ಗುಟ್ಟಾಗಿ ಬರೆದು ತಪ್ಪೊಪ್ಪಿಕೊಂಡುಬಿಡೋಣವೆಂದಿದ್ದೆ. ಆದರೆ ತಮ್ಮ ದಯೆಯಿಂದ ಈಗ ನಮ್ಮಲ್ಲಿ ಐದು ಜನ ನಾಯಕರಿದ್ದು, ಐವರೂ ಓದಿ ಒಪ್ಪದೆ ಯಾವ ಕಾಗದವೂ ಹೊರಗೆ ಹೋಗಕೂಡದೆಂದು ಹಟ ಹಿಡಿದದ್ದರಿಂದ ಇದು ತಾನಾಗಿಯೇ ಬಹಿರಂಗ ಪತ್ರವಾಯಿತು.

ನಾನು ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು, ಬೇರಿಕೆ ಹತ್ತಿರದ ಗುಲಾಬಿ ಶೆಡ್ಡಿನಲ್ಲಿ ಹೂವಿನ ಕಡ್ಡಿಯ ಮುಳ್ಳು ತೆಗೆಯುತ್ತಿದ್ದು, ಆಮೇಲೆ ಹೇಗೋ ಮನಸ್ಸು ಗಟ್ಟಿ ಮಾಡಿ ತಿರುಗಿ ಬಂದು ಸೇರಿದವಳು. ಆದ್ದರಿಂದ ವಾಕ್ಯಗಳು ಅಲ್ಲಲ್ಲಿ ಕುಂಟಿದರೆ ಮನ್ನಿಸಬೇಕು. ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಎಲ್ಲರೂ ಅಕ್ಕ ಅನ್ನುತ್ತಾರೆ, ಅದೊಂದೇ ಅರ್ಹತೆಗೆ ನನ್ನನ್ನು ಸಂಪಾದಕಿ ಮಾಡಿದ್ದಾರೆ.

ತಾವು ಬರುವ ಮುಂಚೆ ನಮ್ಮ ಸ್ಥಿತಿ ಎಷ್ಟು ಹೀನವಾಗಿತ್ತೆಂದರೆ, ಕೆಲಸ ಮಾತ್ರ ಆಗಿಬಿಡುತ್ತಿತ್ತು. ಗಿರಿ ಸುದ್ದಿ ತರುತ್ತಿದ್ದ, ಸಹನಾ ಅಂದವಾಗಿ ಬರೆಯುತ್ತಿದ್ದಳು, ಭೂಮಿಕಾ ಚಿತ್ರ ಹಾಕುತ್ತಿದ್ದಳು, ಭೈರೇಶ ಮೈದಾ ಗಂಜಿ ಕಾಯಿಸಿ ಹಾಳೆ ಅಂಟಿಸುತ್ತಿದ್ದ, ನಾನು ಬೈಯುತ್ತಿದ್ದೆ. “ಲೇ ಭೈರೇಶ, ಗಂಜಿ ತಳ ಹತ್ತೈತೆ ಕಣ್ಲಾ, ಮೂಗು ಎಲ್ಲಿಟ್ಟಿದೀಯ” ಎಂದರೆ, “ಅದು ಗಂಜೀದಲ್ಲ ಕಣಕ್ಕ, ನಿನ್ ಸಂಪಾದಕೀಯದ ವಾಸ್ನೆ” ಅನ್ನುತ್ತಿದ್ದ. ಈ ಜಗಳವನ್ನು ಕಿಟಕಿಯಾಚೆಯಿಂದ ಕೇಳಿಸಿಕೊಂಡ ನಮ್ಮ ಹೆಡ್‌ಮಾಸ್ಟರು, ತಂಡದಲ್ಲಿ ಒಗ್ಗಟ್ಟು ಸತ್ತುಹೋಗಿದೆಯೆಂದು ಗಾಬರಿಯಾಗಿ ತಮ್ಮನ್ನು ಕರೆಸಿದರು.

ತಾವು ಬಂದಿರಿ. ಐವರಿಗೂ ‘ನಾನೇ ನಾಯಕ’ ಎಂಬ ಬ್ಯಾಡ್ಜು ಚುಚ್ಚಿದಿರಿ. ನಾಯಕನಾದವನು ಕೆಲಸ ಮಾಡುವುದಿಲ್ಲ, ಕೆಲಸ ಹಂಚುತ್ತಾನೆ ಎಂದಿರಿ. ಯಾರನ್ನೂ ಬೈಯಬಾರದು, ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಮತ್ತೆ ಹೊಗಳಬೇಕು ಎಂದಿರಿ. ಆಮೇಲೆ ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಬೀಳುವ ಆಟ ಆಡಿಸಿದಿರಿ. ನಾನು ಹುಟ್ಟಾ ಪುಕ್ಕಲಿ, ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ನೋಡುತ್ತಿದ್ದೆ. ಅದು ನಂಬಿಕೆಯ ಕೊರತೆ ಎಂದು ತಾವು ಮೃದುವಾಗಿ ತಿದ್ದಿದಿರಿ. ನಂಬಿ ಬಿದ್ದೆ. ನಾಲ್ವರೂ ನಾಯಕರು ಒಬ್ಬರಿಗೊಬ್ಬರು “ಹಿಡ್ಕೊಳ್ಳಿ, ಹಿಡ್ಕೊಳ್ಳಿ” ಎಂದು ಕೆಲಸ ಹಂಚಿದರು. ನನ್ನ ಬೆನ್ನು ನೆಲಕ್ಕೆ ತಾಗಿದ ಸದ್ದಿಗೆ ತಾವು “ಸೂಪರ್ ಎನರ್ಜಿ” ಎಂದು ಚಪ್ಪಾಳೆ ಹೊಡೆಸಿದ್ದನ್ನು ನಾನು ಎದ್ದು ಕೂರುವಾಗಲೆಲ್ಲ ನೆನೆಯುತ್ತೇನೆ.

ತಮ್ಮ ವಿದ್ಯೆಯ ಫಲ ಆ ವಾರವೇ ಕಂಡಿತು. ಗಿರಿ ಬರೆದ ಬೋರ್‌ವೆಲ್ ಸುದ್ದಿಯಲ್ಲಿ ಬೋರ್‌ವೆಲ್ ಯಾವ ಊರಿನದೆಂದೇ ಇರಲಿಲ್ಲ. ನಾನು ವಿಧಿಪೂರ್ವಕ ಹೊಗಳಿ, ತಪ್ಪು ಹೇಳಿ, ಮತ್ತೆ ಹೊಗಳಿದೆ. ಅವನು ಎರಡು ಹೊಗಳಿಕೆ ಇಟ್ಟುಕೊಂಡು, ಅದೇ ಸುದ್ದಿಯನ್ನು ಮೂರು ಪಟ್ಟು ಉದ್ದ ಮಾಡಿ ತಂದ. ಊರು ಈಗಲೂ ಗೊತ್ತಿಲ್ಲ. ಸಹನಾ ಬರೆಯುವುದನ್ನು ಭೂಮಿಕಾಗೆ ಹಂಚಿದಳು, ಭೂಮಿಕಾ ಗಿರಿಗೆ ಹಂಚಿದಳು, ಗಿರಿ ಗೌರವದಿಂದ ಸಹನಾಗೇ ತಿರುಗಿ ಹಂಚಿದ. ಗಂಜಿ ಎಲ್ಲೋ ಎಂದರೆ ಭೈರೇಶ ಬ್ಯಾಡ್ಜು ಒರೆಸಿಕೊಂಡು, “ಲೀಡ್ರು ಒಲೆ ಮುಂದೆ ಕೂತ್ಕತಾರೇನಕ್ಕ” ಎಂದ. ಬೈಯುವಂತಿಲ್ಲವಲ್ಲ, ನಾನು ಅವನ ಪ್ರಶ್ನೆಯನ್ನು ಹೊಗಳಿದೆ.

ಇಲ್ಲಿ ಒಂದು ಸಂಗತಿ ತಮಗೆ ತಿಳಿಯದು. ನಮ್ಮದು ಗಡಿಯ ಶಾಲೆ, ವರಾಂಡದ ಬೋರ್ಡಿನಲ್ಲಿ ಅರ್ಧ ತಮಿಳು ವಿಭಾಗದ್ದು, ಅರ್ಧ ನಮ್ಮದು. ಸೋಮವಾರ ಪ್ರಾರ್ಥನೆಯ ಹೊತ್ತಿಗಾಗಲಿ ವಾರದ ನಡುವೆಯಾಗಲಿ ಯಾರ ಅರ್ಧ ಖಾಲಿಯೋ ಅದು ಆ ವರ್ಷಕ್ಕೆ ಇನ್ನೊಬ್ಬರ ಪಾಲು, ಇದು ಹೆಡ್‌ಮಾಸ್ಟರ ಕಟ್ಟಳೆ. ಆ ಅರ್ಧ ಬೋರ್ಡು ಬಿಟ್ಟರೆ ನಮ್ಮ ಕನ್ನಡ ಕಣ್ಣಿಗೆ ಬೀಳುವ ಜಾಗ ಶಾಲೆಯಲ್ಲಿ ಬೇರೆ ಇಲ್ಲ. ಬಿಸಿಯೂಟ ಬೇಯಿಸುವ ರಾಮಕ್ಕ ಸೌಟು ಹಿಡಿದುಕೊಂಡೇ ಬಂದು ದಿನಕ್ಕಿಷ್ಟು ಅಂತ ಓದುತ್ತಾರೆ. “ನಂಗ್ ಬರಾದು ಇದೊಂದೇ ಅಕ್ಷರ ಕಣವ್ವ, ಬೇಗ ಕಿತ್ತಾಕ್ಬ್ಯಾಡ” ಅನ್ನುವುದು ಅವರ ಒಂದೇ ಬೇಡಿಕೆ. ನಾನು ಶೆಡ್ಡು ಬಿಟ್ಟು ಬಂದು ಏನು ಕಡಿದೆ ಎಂದು ಮನೆಯಲ್ಲಿ ಕೇಳಿದರೆ ತೋರಿಸಲು ನನಗೂ ಇರುವುದು ಅದೊಂದೇ.

ಸೋಮವಾರ ಬಂತು. ಹಾಳೆ ಇಲ್ಲ, ಗಂಜಿ ಇಲ್ಲ, ಐದು ಬ್ಯಾಡ್ಜು ಇವೆ. ತಮಿಳು ಪತ್ರಿಕೆಯ ಸಂಪಾದಕ ಅರುಣ್‌ಕುಮಾರ್ ಆಗಲೇ ಸ್ಕೇಲು ಹಿಡಿದು ನಮ್ಮ ಕಡೆಯ ಅಗಲ ನೋಡುತ್ತಿದ್ದ. “ಸುಮ್ನೆ ಅಕ್ಕಾ, ಅಳತೆಗೆ” ಎಂದ, ಒಳ್ಳೆಯ ಹುಡುಗ. ಪ್ರಾರ್ಥನೆಯ ಮೊದಲ ಗಂಟೆ ಹೊಡೆಯಿತು. ತಾವು ಹೇಳಿಕೊಟ್ಟದ್ದೆಲ್ಲ ಮರೆತುಹೋಗಿ, ಬಾಯಿಗೆ ಬಂದಂತೆ ಬೈದುಬಿಟ್ಟೆ. ಏನೇನು ಬೈದೆ ಎಂದು ಇಲ್ಲಿ ಬರೆಯಲಾರೆ, ತಾವು ನಾಯಕರು. ಭೈರೇಶ ಮಾತ್ರ ಕಣ್ಣರಳಿಸಿ, “ಅಕ್ಕ ಬಂದ್ಬುಟ್ಳು ಕಣ್ರಲಾ” ಎಂದ, ಊರಿಗೆ ಹೋಗಿದ್ದವಳು ತಿರುಗಿ ಬಂದ ಹಾಗೆ.

ಅವನೇ ಓಡಿಹೋಗಿ ಆಟದ ಸಾಮಾನಿನ ಕೋಣೆಯಿಂದ ತಮ್ಮ ಫ್ಲೆಕ್ಸು ಎಳೆದು ತಂದ. ಮುಂದೆ ತಾವು ಕೈಕಟ್ಟಿಕೊಂಡು ನಗುತ್ತಿದ್ದೀರಿ, ಹಿಂದೆ ಬೆಳ್ಳಗೆ ಖಾಲಿ. ಗಂಜಿಯ ಹಂಗಿಲ್ಲ, ಕಟ್ಟಿದರೆ ಆಯಿತು. ಸಹನಾ ಮಾರ್ಕರ್ ತೆಗೆದಳು, ಗಿರಿ ಬಾಯಲ್ಲಿ ಸುದ್ದಿ ಹೇಳಿದ, ಭೂಮಿಕಾ ಮೂಲೆಯಲ್ಲಿ ಐದು ತಲೆಯ ಒಂದು ಎತ್ತು ಬರೆದು ಗಾಡಿ ಮಾತ್ರ ಬರೆಯಲಿಲ್ಲ, ನಾನು ಬೈಯುತ್ತಲೇ ಇದ್ದೆ. ಫ್ಲೆಕ್ಸು ಅಗಲವಾಗಿ ತಮಿಳಿನ ಕಡೆಗೆ ಚಾಚಿದಾಗ ಅರುಣ್‌ಕುಮಾರ್ ತನ್ನ ಹಾಳೆ ಸರಿಸಿ, “ಬರ್ಲಿ ಅಕ್ಕಾ, ಅಡ್ಜಸ್ಟ್ ಪಣ್ಣಿಕ್ಕಲಾಂ, ಮಾಡ್ಕೊಳ್ಳೋಣ” ಎಂದು ತನ್ನ ಕಡೆಯ ಮೊಳೆಯನ್ನೇ ಕೊಟ್ಟ. ಕೊನೆಯ ಗಂಟೆಗೆ ‘ಹುರಿಗಡಲೆ’ ತೂಗಿತು.

ಪ್ರಾರ್ಥನೆಯ ನಡುವೆ ಗಾಳಿ ಬಂದು ಫ್ಲೆಕ್ಸು ಮಗುಚಿಕೊಂಡು ತಾವು ಕಾಣಿಸಿದಿರಿ. ಹೆಡ್‌ಮಾಸ್ಟರು ತಮಗೆ ಕೈ ಮುಗಿದರು. ಮಕ್ಕಳೂ ಮುಗಿದರು. ಗಾಳಿ ನಿಂತು ಫ್ಲೆಕ್ಸು ಮತ್ತೆ ತಿರುಗಿದ ಮೇಲೆ ಗಿರಿಯ ಬೋರ್‌ವೆಲ್ಲಿಗೂ ಮುಗಿದರು.

ಮಾನ್ಯರೇ, ತಮ್ಮ ಮುಖದ ಹಿಂದೆ ಬರೆದದ್ದು ಅಪರಾಧವೋ, ಇದಕ್ಕೆ ಶಾಲೆಯಿಂದ ನನ್ನನ್ನು ಮತ್ತೆ ಶೆಡ್ಡಿಗೆ ಕಳಿಸಿಬಿಡುತ್ತಾರೋ, ಯಾರನ್ನು ಕೇಳುವುದೋ ತಿಳಿಯದೆ ತಮ್ಮನ್ನೇ ಕೇಳುತ್ತಿದ್ದೇನೆ. ಫ್ಲೆಕ್ಸು ಈಗ ಕೊಟ್ಟರೆ ನಮ್ಮ ಅರ್ಧ ಖಾಲಿ. ಮುಂದಿನ ಸೋಮವಾರದ ಸಂಚಿಕೆಗೆ ಭೈರೇಶ ಗಂಜಿಯ ಪಾತ್ರೆ ತೊಳೆದಿಟ್ಟಿದ್ದಾನೆ. ಅಲ್ಲಿಯವರೆಗೆ ತಮ್ಮ ಮುಖವನ್ನು ನಮ್ಮಲ್ಲೇ ಬಿಟ್ಟಿರಬೇಕು. ಅದರ ಬದಲಿಗೆ, ತಾವು ಕೊಟ್ಟ ನಾಯಕತ್ವವನ್ನು ಐದು ಜನರಿಂದಲೂ ಕಳಚಿ ಅದೇ ಶುಕ್ರವಾರದ ವ್ಯಾನಿನಲ್ಲಿ ಜೋಪಾನವಾಗಿ ತೆಗೆದುಕೊಂಡು ಹೋಗಬೇಕೆಂದು ಪ್ರಾರ್ಥನೆ. ಅಷ್ಟೂ ಆಗದೆ ಫ್ಲೆಕ್ಸೇ ಬೇಕೆಂದರೆ ತಾವೇ ಬಂದು ರಾಮಕ್ಕನನ್ನು ಕೇಳಿ ಬಿಚ್ಚಿಕೊಳ್ಳಬಹುದು. ಅವರಿನ್ನೂ ಅರ್ಧ ಓದಿದ್ದಾರೆ, ಸೌಟು ಕೈಯಲ್ಲೇ ಇರುತ್ತದೆ.

ಇಂತಿ, ಹಿಂದಕ್ಕೆ ತಿರುಗಿ ನೋಡಿಕೊಂಡೇ ಇರುವ
ತಮ್ಮ ವಿಶ್ವಾಸಿ,
ಶಶಿಕಲಾ
ಸಂಪಾದಕಿ, ‘ಹುರಿಗಡಲೆ’
(ಉಳಿದ ನಾಲ್ವರು ನಾಯಕರು ಸಹಿ ಹಾಕುವ ಕೆಲಸವನ್ನು ನನಗೇ ಹಂಚಿದ್ದಾರೆ.)

ವಿ.ಸೂ.: ‘ಅತ್ಯುತ್ತಮ ನಾಯಕ’ ಎಂದು ಐವರಿಗೂ ಕೊಟ್ಟ ಪ್ರಮಾಣಪತ್ರಗಳು ಭದ್ರವಾಗಿವೆ. ಕಾಗದ ಬಹಳ ಗಟ್ಟಿ, ಹಿಂಬದಿ ಖಾಲಿ, ಮೈದಾ ಗಂಜಿ ಚೆನ್ನಾಗಿ ಹಿಡಿಯುತ್ತದೆ. ಮುಂದಿನ ಸಂಚಿಕೆ ಅದರ ಮೇಲೇ. ತಾವು ಇನ್ನೊಮ್ಮೆ ತರಬೇತಿ ಕೊಡಲು ಬರುವುದಾದರೆ ಪ್ರಮಾಣಪತ್ರ ಸ್ವಲ್ಪ ದೊಡ್ಡದಿರಲಿ, ದಯವಿಟ್ಟು ಎರಡೂ ಕಡೆ ಅಚ್ಚು ಹಾಕಿಸಬೇಡಿ.